ಸರ್ ರಾಬರ್ಟ್ ಮೆಕ್ಯಾರಿಸನ್ನರೂ ಬಡವರ ಅಡಿಗೆಯ ಮನೆಯೂ

ಹಂಪಿಯ ಅವಶೇಷಗಳನ್ನು ನೋಡಹೋದವರಲ್ಲಿ ಅನೇಕರು ಅಲ್ಲಿಯ ಭೋಜನಶಾಲೆಯನ್ನು ಕಂಡಿರುವರು. ಒಂದು ಕಿರುಗಾಲುವೆ, ಅದರ ಎರಡು ದಡಗಳಲ್ಲಿಯೂ ಸಾಲಾಗಿ ಹಾಸಿದ ಕಲ್ಲಿನ ಎಲೆಗಳು. ಒಂದೊಂದು ಎಲೆಯಲ್ಲಿಯೂ ಅನ್ನಕ್ಕೆ ಒಂದು ವಿಶಾಲವಾದ ಸ್ಥಳವನ್ನೂ ಅದರ ಸುತ್ತಲೂ ಬೇಳೆ, ಪಲ್ಯ, ಮಜ್ಜಿಗೆಗಳಿಗೆಂದು ತೋರುವ ಸಣ್ಣ ಸಣ್ಣ ಕುಳಿಗಳನ್ನೂ ಶಿಲ್ಪಿಯು ಕಡೆದಿರುವನು. ಶಾಲೆಯ ಬಾಲೆಯರಾಗಿ ಅಲ್ಲಿಗೆ ಹೋದಾಗ ನಾವು ಆ ಎಲೆಗಳ ಮುಂದೆ ಕುಳಿತು ಊಟಮಾಡುವವರಂತೆ ನಟಿಸಿ ನಕ್ಕದ್ದುಂಟು. ಊಟವೆಂದರೆ ಅನ್ನವೊಂದೇ ಅಲ್ಲ, ಆ ಸಣ್ಣ ಕುಳಿಗಳೂ ತುಂಬಿರಬೇಕೆಂಬ ಸಂಗತಿಯು ಅಂದು ನಮ್ಮ ಮನಸ್ಸಿಗೆ ಹೊಳೆದಿರಲಿಲ್ಲ.

ಈಚೆಗೆ ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಘದ ಸಭೆಯಲ್ಲಿ ಒಂದು ಚರ್ಚೆ ಹುಟ್ಟಿತು. ಕೂಡಿಸಿದ ಹಣವನ್ನು ಹೊಸಪೇಟೆ, ಕಂಪ್ಲಿ, ಸಂಡೂರುಗಳ ಬಡ ಕುಟುಂಬಗಳಿಗೆ ಅಕ್ಕಿಯನ್ನು ಹಂಚುವುದಕ್ಕೆ ವಿನಿಯೋಗಿಸಬೇಕೋ, ಅಥವಾ ಆ ಮನೆಗಳ ತಾಯಂದಿರನ್ನು ಕೂಡಿಸಿ, ಇದ್ದ ಕಾಸಿನಲ್ಲಿಯೇ ಮಕ್ಕಳಿಗೆ ಏನನ್ನು ಉಣಿಸಿದರೆ ಒಳ್ಳೆಯದೆಂಬುದನ್ನು ಅಡಿಗೆ ಮಾಡಿ ತೋರಿಸಿ ಕಲಿಸುವುದಕ್ಕೆ ವಿನಿಯೋಗಿಸಬೇಕೋ? ಅಕ್ಕಿಯ ಪಕ್ಷದವರೇ ಹೆಚ್ಚಾಗಿದ್ದರು. ಹಸಿದವರಿಗೆ ಪಾಠವೇಕೆಂದು ಅವರು ಕೇಳಿದ ಪ್ರಶ್ನೆಯು ಹಗುರವಾದುದಲ್ಲ. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು, ನಮ್ಮ ದೇಶದಲ್ಲಿ ಆಹಾರಶಾಸ್ತ್ರಕ್ಕೆ ಅಡಿಗಲ್ಲನ್ನಿಟ್ಟ ಒಬ್ಬ ವೈದ್ಯರ ಜೀವನವನ್ನು ಈ ಸಂಚಿಕೆಯ ವಾಚಕರ ಮುಂದೆ ಇಡುತ್ತಿರುವೆವು.

ರಾಬರ್ಟ್ ಮೆಕ್ಯಾರಿಸನ್ನರು ಐರ್ಲೆಂಡಿನ ಪೋರ್ಟ್‌ಡೌನ್ ಎಂಬ ಊರಿನಲ್ಲಿ 1878ನೆಯ ಇಸವಿ ಮಾರ್ಚಿ 15ರಂದು ಜನಿಸಿದರು. ಅದೇ ಕಾಲಕ್ಕೆ ನಮ್ಮ ಸೀಮೆಯು ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮದಿಂದ ಆಗತಾನೆ ತಲೆಯೆತ್ತುತ್ತಲಿತ್ತು. 1876ರಿಂದ 1878ರವರೆಗೆ ನಡೆದ ಆ ಬರಗಾಲದಲ್ಲಿ ಮದ್ರಾಸು ಆಧಿಪತ್ಯದೊಳಗೆ ಅತ್ಯಂತ ಹೆಚ್ಚಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಕ್ಷಾಮಕಾಮಗಾರಿಗಳಲ್ಲಿ ಮಣ್ಣು ಹೊರುವ ಕೂಲಿಯವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯಕ್ಕೆ ತಗಲುವ ಬೆಲೆಯನ್ನೂ ಅದರ ಮೇಲೆ ಅಲ್ಪ ಕಾಸನ್ನೂ ಕೊಟ್ಟರೆ ಸಾಕೆಂದು, ವೈಸರಾಯರು ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ಲರು 1877ರ ಆರಂಭದಲ್ಲಿ ಗೊತ್ತುಮಾಡಿದರು. ಬೊಕ್ಕಸದ ಹಣವನ್ನು ಉಳಿಸುವುದೇ ಅದರ ಉದ್ದೇಶವಾಗಿದ್ದಿತು. ಮದ್ರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷರು ಇದನ್ನು ಬಲವಾಗಿ ಪ್ರತಿಭಟಿಸಿದರು. ದುಡಿಯುವ ದೇಹಕ್ಕೆ ಅಷ್ಟು ಧಾನ್ಯವು ಸಾಲದು, ಧಾನ್ಯವೊಂದೇ ಇದ್ದರೂ ಸಾಲದು, ಬೇಳೆಯೂ ಕಾಯಿಪಲ್ಯವೂ ಬೇಕೆಂಬುದು ಅವರ ವಾದ. ಕೆಲವು ತಿಂಗಳುಗಳ ತರುವಾಯ ಮದ್ರಾಸು ಸರಕಾರವು ಕೂಲಿಯನ್ನು ಸ್ವಲ್ಪ ಏರಿಸಿ ಬೇಳೆಯನ್ನೂ ಸೇರಿಸಿತು. ಅಷ್ಟರಲ್ಲಿ ಹೋದ ಪ್ರಾಣಗಳು ಹೋಗಿದ್ದುವು. ಬಡವನ ಎಲೆಯಲ್ಲಿ ಸಣ್ಣ ಕುಳಿಗಳು ಇರಬೇಕೇ ಬೇಡವೇ ಎಂಬ ವಾದವು ಹೀಗೆ ನಮ್ಮ ಜಿಲ್ಲೆಯ ಕೂಲಿಕಾರರ ಮೈಮೇಲೆಯೇ ಒಮ್ಮೆ ನಡೆದುಹೋಯಿತು. ಅದನ್ನು ಶಾಸ್ತ್ರರೀತಿಯಿಂದ ತೀರ್ಮಾನಿಸಲಿದ್ದ ಶಿಶುವು ಆಗಿನ್ನೂ ಹುಟ್ಟಿರಲಿಲ್ಲ.

ಮೆಕ್ಯಾರಿಸನ್ನರು ಬೆಲ್ಫಾಸ್ಟಿನ ಕ್ವೀನ್ಸ್ ಕಾಲೇಜಿನಲ್ಲಿ ವೈದ್ಯವಿದ್ಯೆಯನ್ನು ಕಲಿತು 1900ರಲ್ಲಿ ಪದವಿಯನ್ನು ಪಡೆದರು. ಮರುವರ್ಷವೇ, ಇಪ್ಪತ್ತಮೂರರ ಪ್ರಾಯದಲ್ಲಿ, ಇಂಡಿಯನ್ ಮೆಡಿಕಲ್ ಸರ್ವಿಸಿಗೆ ಸೇರಿ ಭರತಖಂಡಕ್ಕೆ ಬಂದರು. ಮೊದಲು ಅವರಿಗೆ ದೊರೆತದ್ದು ವಾಯವ್ಯದ ಗಡಿಯಲ್ಲಿರುವ ಚಿತ್ರಾಲ್ ಎಂಬ ಬೆಟ್ಟದ ನಾಡು. ಅಲ್ಲಿ ಸಿಪಾಯಿಗಳನ್ನು ಬೇಸಗೆಯಲ್ಲಿ ಕಾಡುತ್ತಿದ್ದ ಮೂರು ದಿನದ ಜ್ವರವನ್ನು ಅವರು ಪರೀಕ್ಷಿಸಿ, ಅದು ಮರಳುನೊಣದ ಕಡಿತದಿಂದ ಬರುವುದೆಂದು ಊಹಿಸಿದರು. ಆಮೇಲೆ ಗಿಲ್ಗಿಟ್ಟಿಗೆ ವರ್ಗವಾಯಿತು. ಅಲ್ಲಿಯ ಹಳ್ಳಿಗಳಲ್ಲಿ ಗಳಗಂಡ ರೋಗವು ವಿಶೇಷ. ಆ ಹಳ್ಳಿಗಳು ಒಂದೇ ಕಾಲುವೆಯ ನೀರನ್ನು ಒಂದರ ತರುವಾಯ ಒಂದಾಗಿ ಕುಡಿಯುತ್ತಿದ್ದುವು. ತಲೆಗಾಲುವೆಯ ಹಳ್ಳಿಯಲ್ಲಿ ರೋಗವು ಕಡಿಮೆ, ಕೆಳಕೆಳಗೆ ಹೋದಂತೆ ಹೆಚ್ಚು ಹೆಚ್ಚು. ತುಂಗಭದ್ರೆಯ ಕಾಲುವೆಗಳ ಮಗ್ಗುಲಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮೇಲಿನವರು ತೊಳೆದದ್ದನ್ನು ಕೆಳಗಿನವರು ಕುಡಿಯುವರು. ಮೆಕ್ಯಾರಿಸನ್ನರು ಆ ನೀರನ್ನು ಸೋಸಿ ಉಳಿದ ಗಸಿಯನ್ನು ತಾವೇ ಸೇವಿಸಿದರು. ಮನಸಾರೆ ಒಪ್ಪಿ ಮುಂದೆಬಂದ ಕೆಲವರಿಗೂ ಕೊಟ್ಟರು. ಅವರ ಕೊರಳೇ ಊದಿಕೊಂಡಿತು. ಗಸಿಯನ್ನು ಕುದಿಸಿ ಕುಡಿದವರಿಗೆ ಏನೂ ಆಗಲಿಲ್ಲ. ಗಳಗಂಡಕ್ಕೆ ಮುಖ್ಯ ಕಾರಣವು ಅಯೊಡಿನ್ನಿನ ಕೊರತೆಯೆಂಬುದು ಇಂದು ಸರ್ವವಿದಿತವಾಗಿದೆ, ನೀರಿನ ಕೊಳೆಯು ಅದಕ್ಕೆ ಸಹಕಾರಿ ಮಾತ್ರ. ಆದರೂ ರೋಗಿಯ ಮೇಲೆ ಪ್ರಯೋಗಿಸುವುದಕ್ಕೆ ಮೊದಲು ತನ್ನ ಕೊರಳನ್ನೇ ಒಡ್ಡಿದ ಆ ತರುಣ ವೈದ್ಯರ ಸತ್ಯಸಂಧತೆಯನ್ನು ನಾವು ಮೆಚ್ಚದಿರಲಾರೆವು.

ಗಿಲ್ಗಿಟ್ಟಿನ ಆಚೆಗಿರುವ ಹುಂಜಾ ಕಣಿವೆಯ ರೈತರನ್ನು ಅವರು ಕಂಡದ್ದೂ ಈ ಕಾಲದಲ್ಲಿಯೇ. ಗೋಧಿ, ಜವೆ, ಸೊಪ್ಪು, ಹಣ್ಣು, ಸ್ವಲ್ಪ ಹಾಲು, ಇವೇ ಆ ಬಡಜನರ ಆಹಾರ. ಆದರೆ ಅವರು ಬೆಟ್ಟಗಳನ್ನು ಹತ್ತಿಳಿಯುವುದರಲ್ಲಿ ಎಣೆಯಿಲ್ಲದವರಾಗಿದ್ದರು. ಅವರ ಆಯುಷ್ಯದ ವಿಷಯವಾಗಿ ಆಮೇಲೆ ಬೇರೆಯವರು ಬರೆದ ಅತಿಶಯೋಕ್ತಿಗಳನ್ನು ನಾವು ನಂಬಬೇಕಾದುದಿಲ್ಲ. ಮೆಕ್ಯಾರಿಸನ್ನರ ಮನಸ್ಸಿನಲ್ಲಿ ನಿಂತದ್ದು ಒಂದೇ ಮಾತು: ಐಶ್ವರ್ಯವಿಲ್ಲದವರಿಗೂ ಆರೋಗ್ಯವಿರಬಹುದು, ಊಟವು ಸರಿಯಾಗಿದ್ದ ಪಕ್ಷದಲ್ಲಿ. 1911ರಲ್ಲಿ ಅವರು ಹೆಲೆನ್ ಎಂಬ ಕನ್ಯೆಯನ್ನು ವಿವಾಹವಾದರು. ಇವರಿಗೆ ಸಂತಾನವಾಗಲಿಲ್ಲ.

ಮೊದಲನೆಯ ಮಹಾಯುದ್ಧದ ಸೇವೆಯನ್ನು ಮುಗಿಸಿ 1918ರಲ್ಲಿ ಅವರು ನೀಲಗಿರಿಯ ಕೂನೂರಿಗೆ ಬಂದರು. ಅಲ್ಲಿಯ ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ವಿಚಾರಣೆಯು ಆರಂಭವಾಯಿತು. ಕಾಲು ಜೋಮು ಹಿಡಿದು, ಮೈ ಬಾತು, ಕೊನೆಗೆ ಹೃದಯವು ನಿಲ್ಲುವ ಈ ರೋಗವು ಮದ್ರಾಸು ಆಧಿಪತ್ಯದ ಉತ್ತರ ಸರ್ಕಾರುಗಳೆಂಬ ಕರಾವಳಿಯಲ್ಲಿ ವಿಶೇಷವಾಗಿದ್ದಿತು. ಯಂತ್ರದಲ್ಲಿ ಹೊಳಪು ಬರುವಂತೆ ತೀಡಿದ ಅಕ್ಕಿಯಲ್ಲಿ ತೌಡು ಹೋಗುವುದು, ತೌಡಿನೊಡನೆ ಜೀವಸತ್ತ್ವವೂ ಹೋಗುವುದು. ಉಳಿದದ್ದನ್ನು ನಾವು ಮೂರು ಸಲ ತೊಳೆದು ಕಳೆಯುವೆವು. ಆಮೇಲೂ ಉಳಿದದ್ದನ್ನು ಗಂಜಿಯೊಡನೆ ಬಸಿದು ಚೆಲ್ಲುವೆವು. ಭತ್ತವನ್ನು ಮೊದಲೇ ಕುದಿಸಿ ಒಣಗಿಸಿ ಮಾಡಿದ ಕುಸುಬಲಕ್ಕಿಯಲ್ಲಿ ಈ ಸತ್ತ್ವವು ಕಾಳಿನೊಳಕ್ಕೆ ಇಳಿದು ಬಹುಮಟ್ಟಿಗೆ ನಿಲ್ಲುವುದು. ಅದನ್ನು ಉಣ್ಣುವ ಜನರಲ್ಲಿ ಬೆರಿಬೆರಿಯು ವಿರಳ. ಬಿಳಿಯ ಅಕ್ಕಿಯೇ ಮರ್ಯಾದೆಯೆಂದೂ ಜೋಳ ನವಣೆಗಳು ಬಡತನದ ಗುರುತೆಂದೂ ತಿಳಿದ ನಮ್ಮ ಊರುಗಳಿಗೆ ಈ ಮಾತು ಇಂದಿಗೂ ಕಹಿಯಾಗಿಯೇ ಇರುವುದು. ವಿಜಯನಗರದ ಅರಸರ ಕಾಲುವೆಗಳು ಹರಿಯುವ ಹೊಸಪೇಟೆ ಕಂಪ್ಲಿಗಳ ಗದ್ದೆಯ ಬಯಲಿನಲ್ಲಿ ಭತ್ತವು ಹಿಂದಿನಿಂದಲೂ ಉಂಟು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ಕೊಟ್ಟ ಮೇಲೆ ಅದು ಬೆಳೆಯುವ ನೆಲವೂ ಅಕ್ಕಿಯ ಗಿರಣಿಗಳೂ ಹೆಚ್ಚಿದುವು, ಒಣಬೇಸಾಯದ ಜೋಳವು ಎಷ್ಟೋ ಮನೆಗಳಲ್ಲಿ ಹಿಂದೆ ಸರಿಯಿತು.

1921ರಲ್ಲಿ ಮೆಕ್ಯಾರಿಸನ್ನರ ದೊಡ್ಡ ಗ್ರಂಥವು ಲಂಡನ್ನಿನಲ್ಲಿ ಪ್ರಕಟವಾಗಿ ವಿದ್ವಾಂಸರ ಗೌರವಕ್ಕೆ ಪಾತ್ರವಾಯಿತು. ಇನ್ನು ಕೆಲಸವು ನಿರಾತಂಕವಾಗಿ ನಡೆಯುವುದೆಂದು ಯಾರಿಗಾದರೂ ತೋರುತ್ತಿತ್ತು. ಆದರೆ ಯುದ್ಧಾನಂತರದ ಹಣದ ಮುಗ್ಗಟ್ಟಿನಲ್ಲಿ ಭಾರತ ಸರಕಾರವು ಇಂಚ್‌ಕೇಪ್ ಪ್ರಭುಗಳ ಅಧ್ಯಕ್ಷತೆಯಲ್ಲಿ ವೆಚ್ಚವನ್ನು ತಗ್ಗಿಸುವ ಸಮಿತಿಯನ್ನು ನೇಮಿಸಿತ್ತು. ಕತ್ತರಿಯು ಎಲ್ಲ ಇಲಾಖೆಗಳ ಮೇಲೂ ಆಡಿತು. 1923ರಲ್ಲಿ ಕೂನೂರಿನ ವಿಚಾರಣೆಯು ಹಣವಿಲ್ಲವೆಂಬ ಕಾರಣದಿಂದ ನಿಂತುಹೋಯಿತು. ಸಾಕಿದ ಪ್ರಾಣಿಗಳು, ವರ್ಷಗಟ್ಟಲೆ ಬರೆದಿಟ್ಟ ಲೆಕ್ಕಗಳು, ಕೈ ಪಳಗಿದ ಸಹಾಯಕರು, ಇಂಥವು ಒಮ್ಮೆ ಚೆದರಿದರೆ ಮತ್ತೆ ಕೂಡಿಸುವುದು ಸುಲಭವಲ್ಲ. ಒಂದು ಸಾಮ್ರಾಜ್ಯದ ಆಯವ್ಯಯದಲ್ಲಿ ಆ ಕೋಣೆಯ ವೆಚ್ಚವು ಕಣ್ಣಿಗೆ ಕಾಣುವಷ್ಟಾದರೂ ಇದ್ದಿತೇ ಎಂದು ಕೇಳಬೇಕಾಗಿದೆ. ಸೇತುವೆಯನ್ನು ನಿಲ್ಲಿಸಿದರೆ ಅರ್ಧ ಕಟ್ಟಿದ ಕಂಬವಾದರೂ ನಿಂತು ಸಾಕ್ಷಿ ಹೇಳುವುದು. ಆಹಾರದ ಅರಿವನ್ನು ನಿಲ್ಲಿಸಿದರೆ ಕೂಗುವವರು ಯಾರೂ ಇಲ್ಲ, ಏಕೆಂದರೆ ನಷ್ಟಹೊಂದಿದವರಿಗೆ ತಮ್ಮ ನಷ್ಟವೇ ತಿಳಿಯದು. ಸುಮಾರು ಎರಡು ವರ್ಷಗಳ ಮೇಲೆ, 1925ರಲ್ಲಿ, ಕೆಲಸವು ಪುನಃ ಆರಂಭವಾಯಿತು. 1928ರಲ್ಲಿ ಅದೇ ಪೌಷ್ಟಿಕಾಹಾರ ಸಂಶೋಧನಾಲಯವೆಂಬ ಪೂರ್ಣ ಸಂಸ್ಥೆಯಾಗಿ, ಮೆಕ್ಯಾರಿಸನ್ನರು ಅದರ ಪ್ರಥಮ ನಿರ್ದೇಶಕರಾದರು.

ಅವರ ಪ್ರಯೋಗಗಳಲ್ಲಿ ನಮ್ಮವರಿಗೆ ಅತ್ಯಂತ ಹತ್ತಿರವಾದುದನ್ನು ಈಗ ಹೇಳುವೆವು. ಒಂದೇ ವಯಸ್ಸಿನ, ಒಂದೇ ತೂಕದ ಎಳೆಯ ಇಲಿಗಳನ್ನು ಏಳು ಗುಂಪು ಮಾಡಿ, ಒಂದೇ ಬಗೆಯ ವಿಶಾಲವಾದ ಗೂಡುಗಳಲ್ಲಿಟ್ಟು, ಒಂದೊಂದು ಗುಂಪಿಗೂ ಈ ದೇಶದ ಒಂದೊಂದು ಜನಾಂಗದ ಊಟವನ್ನು ಅವರು ಹಾಕಿಸಿದರು. ಸಿಖ್ಖರ ಊಟವನ್ನು ಉಂಡ ಇಲಿಗಳು ಸರಾಸರಿ 235 ಗ್ರಾಮು ತೂಗಿದುವು. ಪಠಾಣರದು 230, ಮರಾಠರದು 225, ಗೂರ್ಖರದು 200. ಐದನೆಯದು ಕನ್ನಡಿಗರ ಊಟ, 185 ಗ್ರಾಮು. ಬಂಗಾಳಿಗಳದು 180. ಎಲ್ಲಕ್ಕೂ ಕೊನೆಯಲ್ಲಿ ಮದ್ರಾಸಿಗಳ ಅನ್ನ, 155. ಇಡೀ ಗೋಧಿಯ ರೊಟ್ಟಿ, ಹಾಲು ಮೊಸರು, ಬೇಳೆ, ಹಸಿರು ಪಲ್ಯ, ಹಣ್ಣು, ಅಪರೂಪಕ್ಕೆ ಮಾಂಸ ಇರುವ ಊಟವು ಮೇಲೆ ನಿಂತಿತು. ತೀಡಿದ ಅಕ್ಕಿಯೇ ಮುಖ್ಯವಾಗಿ ಹಾಲು ಪಲ್ಯಗಳು ಅತ್ಯಲ್ಪವಾದ ಊಟವು ಕೆಳಗೆ ಬಿದ್ದಿತು. ಇಂಗ್ಲೆಂಡಿನ ಬಡವರ ಊಟವನ್ನೂ ಅವರು ಬಿಡಲಿಲ್ಲ. ಬಿಳಿಯ ಬ್ರೆಡ್ಡು, ಕೃತಕ ಬೆಣ್ಣೆ, ಸಕ್ಕರೆ ಹಾಕಿದ ಚಹ, ಜಾಮು, ಡಬ್ಬದ ಮಾಂಸಗಳನ್ನು ತಿಂದ ಇಲಿಗಳು ಸಾಕುವವರನ್ನು ಕಚ್ಚಿದುವು, ಕೊನೆಗೆ ತಮ್ಮಲ್ಲಿಯೇ ಬಲಹೀನವಾದುವನ್ನು ಕೊಂದು ತಿಂದುವು. ತಮ್ಮ ದೇಶದವರೆಂದು ಅವರು ದಾಕ್ಷಿಣ್ಯ ಮಾಡಲಿಲ್ಲ.

ಇಲ್ಲಿ ನಮಗೆ ಎರಡು ಸಂದೇಹಗಳುಂಟು. ಕನ್ನಡಿಗರ ಊಟವೆಂದು ಒಂದೇ ಊಟವಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ, ಮಜ್ಜಿಗೆಗಳನ್ನು ಉಣ್ಣುವ ಸಂಡೂರಿನ ರೈತಳ ಊಟವೂ, ಅನ್ನ ತಿಳಿಸಾರುಗಳನ್ನು ಉಣ್ಣುವ ಪೇಟೆಯ ಮನೆಯ ಊಟವೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವಲ್ಲ. ಎರಡನೆಯದು ಇನ್ನೂ ದೊಡ್ಡದು. ಜನಾಂಗ ಜನಾಂಗಗಳ ಮೈಕಟ್ಟಿನ ವ್ಯತ್ಯಾಸವನ್ನೆಲ್ಲ ಊಟದ ಮೇಲೆಯೇ ಹೊರಿಸಿದ ಅವರು, ಆ ಊಟವನ್ನು ಕೊಳ್ಳಲಾರದ ಬಡತನದ ವಿಷಯದಲ್ಲಿ ತಕ್ಕಷ್ಟು ಹೇಳಲಿಲ್ಲವೆಂದು ನಮಗೆ ತೋರುವುದು. ಸಿಖ್ಖರ ರೈತನ ಮನೆಯಲ್ಲಿ ಎಮ್ಮೆಯಿದ್ದಿತು, ಆದುದರಿಂದ ಹಾಲಿದ್ದಿತು. ಎಮ್ಮೆಯಿಲ್ಲದವಳಿಗೆ ಹಾಲಿನ ಗುಣವನ್ನು ವರ್ಣಿಸಿ ಪ್ರಯೋಜನವೇನು? ನಮ್ಮ ಸಭೆಯಲ್ಲಿ ಅಕ್ಕಿಯ ಪಕ್ಷದವರು ಕೇಳಿದ ಪ್ರಶ್ನೆಯ ಬಲವು ಇಲ್ಲಿಯೇ ಇರುವುದು.

ಆದರೂ ಅವರು ತಮ್ಮ ವಿದ್ಯೆಯನ್ನು ಪಂಡಿತರ ಪತ್ರಿಕೆಗಳಲ್ಲಿಯೇ ಹೂತಿಡಲಿಲ್ಲ. ಕೃಷಿಯ ವಿಷಯವಾಗಿ ನೇಮಕವಾದ ರಾಯಲ್ ಕಮಿಷನ್ನಿನ ಮುಂದೆ 1926ರಲ್ಲಿ ಸಾಕ್ಷ್ಯ ಕೊಟ್ಟು, ಈ ದೇಶದ ರೋಗಗಳಿಗೆ ನ್ಯೂನಪೋಷಣೆಯು ಎಷ್ಟು ವ್ಯಾಪಕವಾದ ಕಾರಣವೆಂಬುದನ್ನು ತಿಳಿಸಿದರು. ರಾಜಕೀಯದವರು ಕೇಳಬೇಕೆಂದರೆ ಆ ವೇದಿಕೆಯೇ ತಕ್ಕದ್ದಾಗಿದ್ದಿತು. 1928ರಲ್ಲಿ ಅವರು ಬರೆದ ಆಹಾರವೆಂಬ ಹೆಸರಿನ ಸಣ್ಣ ಇಂಗ್ಲಿಷ್ ಪಾಠಪುಸ್ತಕವು ಇನ್ನೂ ಮುಖ್ಯವಾದುದು. ಶಾಲೆಗಳು, ಕಾಲೇಜುಗಳು, ತಾಯಿಮಕ್ಕಳ ಹಿತಸಾಧಕ ಕೇಂದ್ರಗಳು, ಬಾಲಚಮೂ ಮತ್ತು ಗರ್ಲ್ ಗೈಡ್ ದಳಗಳು, ಇವರಿಗಾಗಿಯೇ ಅದನ್ನು ಬರೆದುದು. ಸೇನೆಯ ವೈದ್ಯರಾಗಿ ಕರ್ನಲ್ ಪದವಿಗೇರಿದವರು, ಯೂರೋಪಿನಲ್ಲೆಲ್ಲ ಕೀರ್ತಿ ಪಡೆದವರು, ತಮ್ಮ ಗೈಡ್ ಪೋಷಾಕಿನ ಹುಡುಗಿಯರಿಗೆ ಅರ್ಥವಾಗುವಂತೆ ಹಾಲು, ಸೊಪ್ಪು, ತೌಡುಗಳ ವಿಚಾರವನ್ನು ಕುಳಿತು ಬರೆದರೆಂಬುದು ನಮ್ಮಂಥ ಶಾಲೆಯವರಿಗೆ ವಿಶೇಷ ಸಂತೋಷದ ಸಂಗತಿ. ಕೂನೂರಿನ ಇಲಿಗಳಿಗೆ ಸುರಿದ ಹಣವು ಅಡಿಗೆಯ ಮನೆಯನ್ನು ಮುಟ್ಟಬೇಕಾದರೆ ನಡುವೆ ಒಬ್ಬ ಕಲಿಸುವವಳು ಬೇಕು, ಅವಳಿಗೆ ಸಂಬಳವೂ ಬೇಕು, ಒಲೆಗೆ ಸೌದೆಯೂ ಬೇಕು. ಅವರ ಪುಸ್ತಕವು ದಾರಿಯನ್ನು ತೋರಿಸಿತು, ಈ ಖರ್ಚನ್ನು ಮಾತ್ರ ಬೇರೆಯವರಿಗೆ ಬಿಟ್ಟಿತು.

ಇದೇ ಕಾಲದಲ್ಲಿ ಕೂನೂರಿನಲ್ಲಿ ಕೆಲಸಮಾಡಿದ ಒಬ್ಬ ಮಹಿಳೆಯನ್ನು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಸ್ಮರಿಸದೆ ಮುಂದೆಹೋಗಲಾರೆವು. ಡಾಕ್ಟರ್ ಲೂಸಿ ವಿಲ್ಸರು 1928ರಲ್ಲಿ ಇಂಗ್ಲೆಂಡಿನಿಂದ ಬಂದು, ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರನ್ನು ಕೊಲ್ಲುತ್ತಿದ್ದ ರಕ್ತಹೀನತೆಯ ಕಾರಣವನ್ನು ಹುಡುಕಿದರು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟಿನ ಸಾರವನ್ನು ಕೊಟ್ಟಾಗ ಅವರು ಚೇತರಿಸಿಕೊಂಡರು. ಅದರೊಳಗಣ ಸತ್ತ್ವವೇ ಆಮೇಲೆ ಫೋಲಿಕ್ ಆಮ್ಲವೆಂದು ಗುರುತಿಸಲ್ಪಟ್ಟಿತು. ಇದು ಹಸಿರುಸೊಪ್ಪು, ಕಾಳುಗಳಲ್ಲಿಯೂ ಉಂಟು. ಇಂದು ಯಾವ ಸರಕಾರಿ ಆಸ್ಪತ್ರೆಗೆ ಗರ್ಭಿಣಿಯು ಹೋದರೂ ಕಬ್ಬಿಣದೊಡನೆ ಈ ಮಾತ್ರೆಯನ್ನು ಕೊಡುವರು. ಆದರೂ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನರು. ಸಂಡೂರಿನ ಗುಡ್ಡಗಳಿಂದ ಲಾರಿಗಟ್ಟಲೆ ಕಬ್ಬಿಣದ ಅದಿರು ಹೊರಟುಹೋಗುವುದನ್ನು ಕಂಡಾಗಲೆಲ್ಲ, ಅದೇ ದಾರಿಯಲ್ಲಿ ನಡೆಯುವ ತಾಯಂದಿರ ಬಿಳಿಚಿದ ಉಗುರುಗಳು ನಮ್ಮ ನೆನಪಿಗೆ ಬರುವುವು.

ಮೆಕ್ಯಾರಿಸನ್ನರಿಗೆ 1933ರಲ್ಲಿ ಸರ್ ಪದವಿಯು ದೊರೆಯಿತು. 1935ರಲ್ಲಿ ಅವರು ನಿವೃತ್ತರಾಗಿ ಸ್ವದೇಶಕ್ಕೆ ಹೋದರು. ಮರುವರ್ಷ ಲಂಡನ್ನಿನಲ್ಲಿ ಆಹಾರವನ್ನೂ ರಾಷ್ಟ್ರದ ಆರೋಗ್ಯವನ್ನೂ ಕುರಿತು ಉಪನ್ಯಾಸಗಳನ್ನು ಕೊಟ್ಟರು. ಕೂನೂರಿನಲ್ಲಿ ಅವರ ಸ್ಥಾನಕ್ಕೆ ಬಂದ ಡಾಕ್ಟರ್ ಐಕ್ರಾಯ್ಡರು, ನಮ್ಮ ನಾಡಿನ ಕಾಳುಕಡ್ಡಿ ಸೊಪ್ಪುತರಕಾರಿಗಳ ಸತ್ತ್ವವನ್ನೆಲ್ಲ ಅಳೆಯಿಸಿ ಒಂದು ಅಗ್ಗದ ಪುಸ್ತಿಕೆಯನ್ನು ಪ್ರಕಟಿಸಿದರು. ಮುಂದೆ ಪರಿಷ್ಕೃತವಾಗುತ್ತ ಬಂದ ಆ ಪಟ್ಟಿಗಳಲ್ಲಿ ನೂರು ಗ್ರಾಮು ರಾಗಿಗೆ ಸುಣ್ಣದ ಅಂಶವು 344 ಮಿಲಿಗ್ರಾಮು, ತೀಡಿದ ಅಕ್ಕಿಗೆ 10 ಎಂದಿರುವುದು. ಗುರುಗಳು ಹಾಲನ್ನೇ ಹೊಗಳಿದರು. ಶಿಷ್ಯಸ್ಥಾನದಲ್ಲಿ ನಿಂತವರು ಎಮ್ಮೆಯಿಲ್ಲದವಳಿಗೂ ಒಂದು ಉತ್ತರವನ್ನು ಒದಗಿಸಿದರು.

ಆ ಬಳಿಕ ಸರಕಾರದ ಹಣವೂ ಈ ಕಡೆಗೆ ಹರಿಯತೊಡಗಿತು. 1920ರಲ್ಲಿಯೇ ಮದ್ರಾಸು ನಗರಸಭೆಯವರು ತಮ್ಮ ಒಂದು ಶಾಲೆಯಲ್ಲಿ ಮಗುವಿಗೆ ದಿನಕ್ಕೆ ಒಂದಾಣೆಗೆ ಮೀರದಂತೆ ಉಪಾಹಾರವನ್ನು ಕೊಡತೊಡಗಿದ್ದರು. 1975ನೆಯ ಅಕ್ಟೋಬರ್ 2ರಂದು ಆರಂಭವಾದ ಅಂಗನವಾಡಿಯ ಯೋಜನೆಯು ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಅದಕ್ಕೆ ಗೊತ್ತುಮಾಡಿದ ಆರು ಸೇವೆಗಳಲ್ಲಿ ಪೂರಕ ಆಹಾರವು ಒಂದು, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ಶಿಕ್ಷಣವು ಇನ್ನೊಂದು. ಶಾಲೆಯ ಬಿಸಿಯೂಟವು 2002ರಲ್ಲಿ ಬಳ್ಳಾರಿಯೂ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಿಂದ ಮೊದಲಾಯಿತು. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಮೊಟ್ಟೆಯನ್ನೂ, ಮೊಟ್ಟೆ ಒಲ್ಲದವರಿಗೆ ಬಾಳೆಯ ಹಣ್ಣನ್ನೂ ಕೊಡತೊಡಗಿದಾಗ ಎಷ್ಟು ವಾದವಾಯಿತೆಂಬುದು ವಾಚಕರಿಗೆ ನೆನಪಿರಬಹುದು. ತಟ್ಟೆಯಲ್ಲಿ ಬೀಳುವ ವಸ್ತುವನ್ನು ಎಣಿಸಬಹುದು, ಅದಕ್ಕೆ ಲೆಕ್ಕಪತ್ರವುಂಟು. ತಾಯಿಗೆ ಕೊಟ್ಟ ಶಿಕ್ಷಣವನ್ನು ಎಣಿಸುವುದು ಕಷ್ಟ, ಆದಕಾರಣ ಕೈ ಬಿಗಿಹಿಡಿದಾಗ ಅದಕ್ಕೇ ಮೊದಲು ಏಟು ಬೀಳುವುದೆಂಬ ಭಯವಿರುವುದು. 1923ರಲ್ಲಿ ಕೂನೂರಿಗೆ ಬಿದ್ದ ಏಟು ಈ ಜಾತಿಯದೇ.

ನಮ್ಮ ಅಭಿಪ್ರಾಯವನ್ನು ಸಂಘದವರು ಕೇಳುವುದಾದರೆ, ಹಣವನ್ನು ಎರಡು ಪಾಲು ಮಾಡೋಣವೆಂದು ನಾವು ಹೇಳುವೆವು. ಒಂದು ಪಾಲಿನಿಂದ ಅಕ್ಕಿಯ ಬದಲು ಬೇಳೆ, ಶೇಂಗಾ, ರಾಗಿಗಳನ್ನು ಕೊಳ್ಳಬಹುದು. ಇನ್ನೊಂದು ಪಾಲಿನಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೇ ಕೆಲವರಿಗೆ ಬಸ್ಸಿನ ಖರ್ಚನ್ನೂ ಕಿರುಸಂಬಳವನ್ನೂ ಕೊಟ್ಟು, ವಾರಕ್ಕೊಂದು ಮಧ್ಯಾಹ್ನ ಒಂದೊಂದು ಕೇರಿಯಲ್ಲಿ ಒಲೆ ಹೂಡಿಸಬಹುದು. ಪಾಠವನ್ನು ಮಾತಿನಿಂದ ಮಾಡುವುದು ಬೇಡ, ಗಂಜಿಯನ್ನು ಚೆಲ್ಲದೆ ಅನ್ನವನ್ನು ಇಂಗಿಸಿ ತೋರಿಸಿದರೆ ಸಾಕು. ನುಗ್ಗೆಯ ಸೊಪ್ಪು ಹಿತ್ತಿಲಲ್ಲಿ ಪುಕ್ಕಟೆ ಸಿಕ್ಕುವುದು. ಅದನ್ನು ಬೇಳೆಯೊಡನೆ ಬೇಯಿಸಿ ಅಲ್ಲಿಯೇ ಮಕ್ಕಳಿಗೆ ಬಡಿಸಬೇಕು. ಕಲಿಸಹೋದವಳು ಆ ತಾಯಂದಿರಿಂದ ಕಲಿಯುವುದೂ ಬಹಳವುಂಟು. ಪುಂಡಿಪಲ್ಯಕ್ಕೆ ಜೋಳದ ನುಚ್ಚನ್ನು ಸೇರಿಸುವ ಹದವನ್ನು ಯಾವ ಪ್ರಯೋಗಶಾಲೆಯೂ ಅವರಿಗೆ ಹೇಳಿಕೊಡಲಿಲ್ಲ.

ಸರ್ ರಾಬರ್ಟರು ತಮ್ಮ ಕೊನೆಯ ವರ್ಷಗಳನ್ನು ಆಕ್ಸ್‌ಫರ್ಡಿನಲ್ಲಿ ಕಳೆದರು. ಅವರು ಒಂದು ಕೋಣೆಯಲ್ಲಿ ಆರಂಭಿಸಿದ ಸಂಶೋಧನಾಲಯವನ್ನು 1958ರಲ್ಲಿ ಹೈದರಾಬಾದಿಗೆ ಒಯ್ದರು. 1969ರಲ್ಲಿ ಅದು ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂಬ ಹೆಸರನ್ನು ಪಡೆದು, ಅದೇ ಊರಿನಲ್ಲಿ ಇಂದಿಗೂ ನಡೆಯುತ್ತಲಿದೆ. ಆ ಹೆಸರನ್ನು ಕೇಳುವುದಕ್ಕೆ ಅವರು ಉಳಿದಿರಲಿಲ್ಲ. 1960ನೆಯ ಇಸವಿ ಮೇ 18ರಂದು, ಎಂಬತ್ತೆರಡು ವರ್ಷಗಳನ್ನು ಮುಗಿಸಿ, ಆಕ್ಸ್‌ಫರ್ಡಿನಲ್ಲಿಯೇ ಅವರು ದೇವರಲ್ಲಿ ವಿಶ್ರಮಿಸಿದರು.